ಹೊರಗಿನವರು ಬಂದು ದೇಶ ಕಟ್ಟಿಕೊಡೋಕೆ ಆಗುತ್ತಾ? (ಅಫ್ಘಾನಿಸ್ತಾನದ ಲೆಕ್ಕಪತ್ರ ಓದಿದ ಮೇಲೆ ಬಂದ ಪ್ರಶ್ನೆ)

ಕಂದಾಯದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಗ್ರಾಮ ಪಂಚಾಯಿತಿಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಲೆಕ್ಕದ ಪುಸ್ತಕ ಕಂಡರೆ ಕೈ ಸುಮ್ನಿರುವುದಿಲ್ಲ. ಈಚೆಗೆ ಸಿಗಾರ್ ಅನ್ನೋ ಕಚೇರಿಯ ವರದಿಗಳನ್ನು ಓದುತ್ತಾ ಕೂತಿದ್ದೆ. ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ಸುರಿದ ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಲು ಅಮೆರಿಕವೇ 2008ರಲ್ಲಿ ಮಾಡಿಕೊಂಡ ತಪಾಸಣೆ ಕಚೇರಿ ಅದು. ನಮ್ಮ ಆಡಿಟ್ ಆಕ್ಷೇಪಣೆಗಳ ದೊಡ್ಡಣ್ಣ ಅನ್ನಿ.

20 ವರ್ಷಕ್ಕೆ ಪುನರ್ನಿರ್ಮಾಣದ ಲೆಕ್ಕವೇ ಸುಮಾರು 14,500 ಕೋಟಿ ಡಾಲರ್. ಯುದ್ಧದ ಖರ್ಚು ಬೇರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಶ್ಚಿಮ ಯೂರೋಪನ್ನು ಎತ್ತಿ ನಿಲ್ಲಿಸಿದ ಮಾರ್ಷಲ್ ಯೋಜನೆ ಇದೆಯಲ್ಲ, ಬೆಲೆಯೇರಿಕೆ ಸೇರಿಸಿ ನೋಡಿದರೂ 2014ರ ಹೊತ್ತಿಗೇ ಅದನ್ನು ಈ ಮೊತ್ತ ದಾಟಿತ್ತು. ಅಷ್ಟಾದರೂ 2021ರ ಆಗಸ್ಟ್ 15ರಂದು ಕಾಬೂಲ್ ಒಂದು ದೊಡ್ಡ ಕಾಳಗವೂ ಇಲ್ಲದೆ ಕೈಬಿಟ್ಟಿತು. ಅಧ್ಯಕ್ಷ ಅಶ್ರಫ್ ಘನಿ ಅವತ್ತೇ ದೇಶ ಬಿಟ್ಟರು.

ವರದಿಗಳಲ್ಲಿ ನಗು ಬರುವ ಕಥೆಗಳು ಬೇಕಾದಷ್ಟಿವೆ. ಅಫ್ಘನ್ ವಾಯುಪಡೆಗೆಂದು ಇಟಲಿಯಲ್ಲಿ ತಯಾರಾದ 20 ಸಾಗಣೆ ವಿಮಾನ ಕೊಂಡರು. ಸುಮಾರು 55 ಕೋಟಿ ಡಾಲರಿನ ಯೋಜನೆ. ಬಿಡಿಭಾಗ ಸಿಗಲಿಲ್ಲ, ಹಾರಿದ್ದೂ ಕಡಿಮೆ. ಕೊನೆಗೆ ಅದರಲ್ಲಿ 16 ವಿಮಾನ ಒಡೆದು ಗುಜರಿಗೆ ಹಾಕಿದರು. ಬಂದದ್ದು 32,000 ಡಾಲರ್. ಸೈನಿಕರ ಸಮವಸ್ತ್ರಕ್ಕೆ ಕಾಡಿನ ಹಸಿರಿನ ಡಿಸೈನ್ ಆರಿಸಿದರು. ಆ ದೇಶದಲ್ಲಿ ಕಾಡು ಇರುವುದು ನೂರಕ್ಕೆ ಎರಡರಷ್ಟು ನೆಲದಲ್ಲಿ. ಆಗಿನ ರಕ್ಷಣಾ ಮಂತ್ರಿಗೆ ನೋಡೋಕೆ ಚೆನ್ನಾಗಿ ಕಂಡಿತಂತೆ. ಸೋಯಾ ಬೆಳೆಸಲು 3.4 ಕೋಟಿ ಡಾಲರ್ ಹೋಯಿತು. ರೈತರಿಗೆ ಬೆಳೆ ಒಗ್ಗಲಿಲ್ಲ, ಜನರ ನಾಲಿಗೆಗೆ ರುಚಿ ಹತ್ತಲಿಲ್ಲ.

ಇಂಥವನ್ನು ಓದಿ ನಕ್ಕು ಎದ್ದುಹೋಗಬಹುದು. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ಒಂದು ಲೆಕ್ಕ. ಅಫ್ಘನ್ ಸರ್ಕಾರದ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಹೊರದೇಶಗಳ ಅನುದಾನ.

ಅದು ಏನು ಮಾಡುತ್ತದೆ ಅಂತ ನನಗೆ ಗೊತ್ತು, ಯಾಕಂದ್ರೆ ನಾನು ಮನೆ ಕಂದಾಯ ವಸೂಲಿ ಮಾಡಿದವನು. ಒಂದು ಊರಲ್ಲಿ ಒಬ್ಬರು ಅಜ್ಜಿ ಇದ್ದರು. ವರ್ಷಕ್ಕೆ ಮುನ್ನೂರು ಚಿಲ್ಲರೆ ಕಂದಾಯ. ಸೆರಗಿನ ಗಂಟು ಬಿಚ್ಚಿ ಒಂದೊಂದೇ ನೋಟು ಎಣಿಸಿ ಕೊಡುತ್ತಿದ್ದರು. ರಸೀದಿ ಮಡಿಸಿ ಅದೇ ಗಂಟಿಗೆ ಸೇರಿಸುತ್ತಿದ್ದರು. ಆಮೇಲೆ ಶುರು. "ನಲ್ಲೀಲಿ ನೀರು ಬಂದು ಹನ್ನೊಂದು ದಿನ ಆಯ್ತು, ದುಡ್ಡು ಈಸ್ಕೊಳ್ಳೋಕೆ ಮಾತ್ರ ಬರ್ತೀಯಲ್ಲ, ನಾಚಿಕೆ ಆಗಲ್ವಾ?" ಅರ್ಧ ಗಂಟೆ ಮಂಗಳಾರತಿ. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅದೇ ಪಂಚಾಯಿತಿಗೆ ಮೇಲಿನಿಂದ ಲಕ್ಷಗಟ್ಟಲೆ ಅನುದಾನ ಬಂದಾಗ ಒಬ್ಬರೂ ಬೈಯುತ್ತಿರಲಿಲ್ಲ. ಆ ದುಡ್ಡಿಗೆ ನಾವು ಉತ್ತರ ಕೊಡಬೇಕಿದ್ದದ್ದು ಮೇಲಿನ ಕಚೇರಿಗೆ. ಅದೂ ಮಾರ್ಚ್ 31ರೊಳಗೆ ಖರ್ಚಾಗಿದೆ ಅಂತ ತೋರಿಸಿದರೆ ಸಾಕಿತ್ತು.

ಕಾಬೂಲಿನ ಸರ್ಕಾರಕ್ಕೆ ಆ ಅಜ್ಜಿ ಇರಲಿಲ್ಲ. ಹೊರಗಿನವರು ದೇಶ ಕಟ್ಟಲು ಹೋದಾಗ ಆಗುವ ದೊಡ್ಡ ಎಡವಟ್ಟು ಇದೇ ಅಂತ ನನ್ನ ವಾದ. ನೀವೇನಂತೀರಿ?

ಬಾಲ್ಕನಿ ಬೆಕ್ಕು

ಇಷ್ಟೆಲ್ಲ ಯಾಕೆ ಸರ್? ಅದು ಸಾಮ್ರಾಜ್ಯಗಳ ಸ್ಮಶಾನ. ಬ್ರಿಟಿಷರು ಬಂದು ಹೋದರು, ರಷ್ಯಾದವರು ಬಂದು ಹೋದರು, ಅಮೆರಿಕದವರೂ ಅಷ್ಟೇ. ಅಲ್ಲಿನ ಜನಕ್ಕೆ ಸರ್ಕಾರ ಅಂದ್ರೇನೇ ಆಗಲ್ಲ.

ಕಂದಾಯದವ

ಬೆಕ್ಕಿನವರೇ, ಈ ಸ್ಮಶಾನದ ಮಾತು ಎಲ್ಲರ ಬಾಯಲ್ಲೂ ಇದೆ. ಕೇಳೋಕೆ ಚೆನ್ನಾಗಿದೆ, ನಿಜ ಮಾತ್ರ ಅಲ್ಲ. ಬಾಬರ್ 1504ರಲ್ಲಿ ಕಾಬೂಲ್ ಹಿಡಿದ. 1738ರಲ್ಲಿ ನಾದಿರ್ ಷಾ ಕಿತ್ತುಕೊಳ್ಳುವ ತನಕ ಅದು ಹೆಚ್ಚುಕಡಿಮೆ ಮೊಗಲರ ಮನೆತನದ ಕೈಯಲ್ಲೇ ಇತ್ತು. ಈಚೆಗೆ ಬಂದರೆ ಜಹೀರ್ ಷಾ 1933ರಿಂದ 1973ರವರೆಗೆ 40 ವರ್ಷ ರಾಜ. ಆ ಕಾಲ ಬಹುಮಟ್ಟಿಗೆ ಶಾಂತವಾಗಿಯೇ ಕಳೆಯಿತು. ಸರ್ಕಾರ ಅಂದ್ರೆ ಆಗದ ಜನ 40 ವರ್ಷ ಸುಮ್ಮನೆ ಇರುತ್ತಿದ್ದರಾ?

ನೀವು ಹೇಳಿದ ಬ್ರಿಟಿಷರ ಕಥೆಯಲ್ಲೂ ದುಡ್ಡೇ ಇದೆ ನೋಡಿ. 1839ರಲ್ಲಿ ಪಟ್ಟ ಕಳೆದುಕೊಂಡಿದ್ದ ಹಳೆಯ ರಾಜ ಷಾ ಶುಜಾನನ್ನು ಕರೆತಂದು ಸಿಂಹಾಸನದ ಮೇಲೆ ಕೂರಿಸಿದರು. ಕಣಿವೆ ದಾರಿ ಕಾಯುವ ಬುಡಕಟ್ಟಿನ ಮುಖಂಡರಿಗೆ ಹಣ ಕೊಡುತ್ತಿದ್ದರು. 1841ರಲ್ಲಿ ಖರ್ಚು ಜಾಸ್ತಿಯಾಯಿತು ಅಂತ ಅದನ್ನು ಕಡಿತ ಮಾಡಿದರು. ದಂಗೆ ಎದ್ದಿತು. 1842ರ ಜನವರಿಯಲ್ಲಿ ಕಾಬೂಲಿನಿಂದ ವಾಪಸ್ ಹೊರಟವರು ಸುಮಾರು 16,000 ಜನ. ಬಹುಪಾಲು ಹಿಮದಲ್ಲೇ ಮುಗಿದುಹೋದರು. ಅವರಲ್ಲಿ ಹೆಚ್ಚಿನವರು ಹಿಂದೂಸ್ತಾನದ ಸಿಪಾಯಿಗಳು ಮತ್ತು ಅವರ ಜೊತೆ ಹೋದ ಕೂಲಿ ಜನ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಆಮೇಲೆ ಬಂದ ಅಮೀರ ಅಬ್ದುರ್ ರಹಮಾನ್ ಗಟ್ಟಿ ಮನುಷ್ಯ, ಕ್ರೂರಿ ಕೂಡ. ಅವನಿಗೆ 1883ರಿಂದ ಬ್ರಿಟಿಷ್ ಭಾರತದ ಖಜಾನೆಯಿಂದ ವರ್ಷಕ್ಕೆ 12 ಲಕ್ಷ ರೂಪಾಯಿ ಹೋಗುತ್ತಿತ್ತು. 1893ರಲ್ಲಿ ಡುರಾಂಡ್ ಗಡಿ ಗೆರೆ ಎಳೆದ ಮೇಲೆ 18 ಲಕ್ಷ ಆಯಿತು. ನಮ್ಮ ಮೈಸೂರು ಸಂಸ್ಥಾನವೂ ಬ್ರಿಟಿಷರಿಗೆ ವರ್ಷ ವರ್ಷ ಪೊಗದಿ ಕಟ್ಟುತ್ತಿತ್ತಲ್ಲ. ಅದರಲ್ಲಿ ನಾಲ್ಕು ಕಾಸು ಕಾಬೂಲಿಗೂ ಹೋಗಿರಬಹುದು ಅಂತ ನೆನೆಸಿಕೊಂಡರೆ ನಗು ಬರುತ್ತದೆ.

ರಷ್ಯಾದವರದ್ದೂ ಇದೇ ಹಾಡು. 1989ರ ಫೆಬ್ರವರಿ 15ಕ್ಕೆ ಅವರ ಸೈನ್ಯ ಹೊರಟಿತು. ಅವರ ಬೆಂಬಲದಲ್ಲಿದ್ದ ಅಧ್ಯಕ್ಷ ನಜೀಬುಲ್ಲಾ ಸರ್ಕಾರ ಮರುದಿನವೇ ಬೀಳುತ್ತದೆ ಅಂದುಕೊಂಡಿದ್ದರು. ಬೀಳಲಿಲ್ಲ. ಮೂರು ವರ್ಷ ನಿಂತಿತು. ಸೋವಿಯತ್ ಒಕ್ಕೂಟವೇ ಇಲ್ಲವಾಗಿ ಹಣ, ತೈಲ ನಿಂತ ಮೇಲೆ 1992ರ ಏಪ್ರಿಲ್‌ನಲ್ಲಿ ಬಿತ್ತು.

ಬಾಲ್ಕನಿ ಬೆಕ್ಕು

ಸರಿ ಸರ್, ಸ್ಮಶಾನ ವಾಪಸ್ ತಗೊಂಡೆ 🙏

ಕಡಲಕರೆಯವ

ನಾನು ಕಂದಹಾರದ ದೊಡ್ಡ ಸೇನಾ ನೆಲೆಯಲ್ಲಿ ಎರಡೂವರೆ ವರ್ಷ ಇದ್ದವ. ಬಂದೂಕು ಹಿಡಿದು ಅಲ್ಲ ಮಾರಾಯ್ರೆ, ಅಡುಗೆ ಸಾಮಾನಿನ ಸ್ಟೋರಿನಲ್ಲಿ. ಮಂಗಳೂರು, ಉಡುಪಿ ಕಡೆಯವರು ಸುಮಾರು ಜನ ಇದ್ದೆವು. ಮೇಲೆ ಒಂದು ದೊಡ್ಡ ಗುತ್ತಿಗೆ ಕಂಪನಿ, ಅದರ ಕೆಳಗೆ ಉಪಗುತ್ತಿಗೆ, ಅದರ ಕೆಳಗೆ ಇನ್ನೊಂದು, ಕೊನೆಗೆ ಏಜೆಂಟ್. ಆ ಏಜೆಂಟ್ ನನ್ನ ಮೊದಲ ಎರಡು ತಿಂಗಳ ಸಂಬಳ ನುಂಗಿದ. ಅದು ಬೇರೆಯೇ ಕಥೆ ಉಂಟು. ನಾನು ಹೇಳುವುದು ಏನೆಂದರೆ, ಅಮೆರಿಕ ಕೊಟ್ಟ ಒಂದು ಡಾಲರ್ ಅಫ್ಘನ್ ಮಣ್ಣು ಮುಟ್ಟುವ ಮೊದಲೇ ಎಷ್ಟು ಕಡೆ ಸೋರುತ್ತಿತ್ತು ಅಂತ ಕೆಳಗೆ ನಿಂತವನಿಗೆ ಚೆನ್ನಾಗಿ ಕಾಣುತ್ತದೆ. ನನ್ನ ಸಂಬಳವೂ ಆ ಸೋರಿಕೆಯಲ್ಲೇ ಬಂದದ್ದು. ಸುಳ್ಳು ಯಾಕೆ ಹೇಳಬೇಕು.

ನೆಲೆಯ ಒಳಗೆ ಮರದ ಹಲಗೆಯ ಒಂದು ನಡೆದಾರಿ. ಸುತ್ತ ಕಾಫಿ ಅಂಗಡಿ, ಪಿಜ್ಜಾ ಅಂಗಡಿ. ಗೋಡೆಯ ಆಚೆಗೆ ಅರ್ಗಂದಾಬ್ ಕಣಿವೆ. ಅಲ್ಲಿನ ದಾಳಿಂಬೆಗೆ ದೊಡ್ಡ ಹೆಸರು. ಕುಂಬಳಕಾಯಿಯ ಮರಿಯಷ್ಟು ದಪ್ಪ, ಒಡೆದರೆ ಕಾಳು ಕೆಂಪು ಅಂದರೆ ಕೆಂಪು. ನಮ್ಮ ಸ್ಟೋರಿಗೆ ಬರುತ್ತಿದ್ದ ಹಣ್ಣು ಮಾತ್ರ ಹೊರದೇಶದ್ದು, ಸ್ಟಿಕ್ಕರ್ ಅಂಟಿಸಿದ್ದು. ಪಕ್ಕದ ತೋಟದ ಹಣ್ಣು ಒಳಗೆ ತರುವ ಹಾಗಿಲ್ಲ, ಸುರಕ್ಷತೆಯ ನಿಯಮ.

ನಮ್ಮ ಜೊತೆ ಒಬ್ಬ ಅಫ್ಘನ್ ಕೆಲಸದವ ಇದ್ದ. ದಿನಾ ಬೆಳಿಗ್ಗೆ ಗೇಟಿನಲ್ಲಿ ಎರಡು ತಾಸು ತಪಾಸಣೆ ಮುಗಿಸಿ ಬರುತ್ತಿದ್ದ. ಒಂದು ದಿನ ನನಗೆಂದು ಶಾಲಿನ ಒಳಗೆ ದಾಳಿಂಬೆ ಇಟ್ಟುಕೊಂಡು ಬಂದಿದ್ದಾನೆ. ಗೇಟಿನಲ್ಲಿ ತೆಗೆಸಿ ಬಿಸಾಡಿಸಿದರು. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನನ್ನ ಹತ್ತಿರ ಕೇಳಿದ, "ಇವರು ನಮ್ಮ ಹಣ್ಣಿಗೂ ಹೆದರುತ್ತಾರಾ?" ನನಗೆ ಉತ್ತರ ಸಿಗಲಿಲ್ಲ. ನಾನೂ ಆ ಎರಡೂವರೆ ವರ್ಷದಲ್ಲಿ ಕಂದಹಾರದ ಪೇಟೆ ಒಮ್ಮೆಯೂ ನೋಡಿಲ್ಲ.

ಇನ್ನೊಂದು. ಅಲ್ಲಿ ಅಧಿಕಾರಿಗಳು ಆರು ತಿಂಗಳಿಗೆ, ವರ್ಷಕ್ಕೆ ಬದಲಾಗುತ್ತಿದ್ದರು. ಹೊಸಬ ಬಂದ ಕೂಡಲೇ ಮತ್ತೆ ಮೊದಲಿನಿಂದ ಪಟ್ಟಿ, ಮತ್ತೆ ಅದೇ ಪ್ರಶ್ನೆ. ಊರ ಹಿರಿಯರು ಹೊಸ ಮುಖ ನೋಡಿ ಮತ್ತೆ ಚಹಾ ಕುಡಿಸಿ ಮತ್ತೆ ಅದೇ ಬಾವಿ ಕೇಳುವುದು. ಅದೇ ಬಾವಿ ಮೂರು ಸಲ ಮಂಜೂರಾದರೂ ಆಶ್ಚರ್ಯ ಇಲ್ಲ ಅಂತ ನಾವು ನಗಾಡುತ್ತಿದ್ದೆವು.

ರಾತ್ರಿಪಾಳಿ

ಕಂದಾಯದವರ ರಸೀದಿ ಓದಿ ನೆನಪಾಯಿತು. ತಾಲಿಬಾನ್ ರಸೀದಿ ಕೊಡುತ್ತಿದ್ದರು!

ನಿಜವಾಗಿಯೂ. ಅಫ್ಘನ್ ಹೆದ್ದಾರಿಗಳಲ್ಲಿ ಲಾರಿ ಓಡಿಸುವವರು ಇದನ್ನು ಬಹಳ ಸಲ ಹೇಳಿದ್ದಾರೆ. ಸರ್ಕಾರಿ ಪೊಲೀಸ್ ಚೌಕಿಯಲ್ಲಿ ಲಂಚ, ಮುಂದಿನ ಚೌಕಿಯಲ್ಲಿ ಮತ್ತೆ ಲಂಚ. ತಾಲಿಬಾನಿಗೆ ಒಂದು ಕಡೆ ಸುಂಕ ಕಟ್ಟಿದರೆ ಚೀಟಿ ಕೊಡೋರು. ಮುಂದಿನ ಜಾಗದಲ್ಲಿ ಚೀಟಿ ತೋರಿಸಿದರೆ ಬಿಡೋರು. ಬೆಳೆಯಲ್ಲಿ ಹತ್ತನೇ ಒಂದು ಪಾಲು ವಸೂಲಿ. ಅಫೀಮಿನ ಮೇಲೂ ವಸೂಲಿ. ಜಮೀನಿನ ತಗಾದೆ ಇದ್ದರೆ ಸರ್ಕಾರಿ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆದಾಟ, ಕೈಬಿಸಿ. ತಾಲಿಬಾನ್ ಪಂಚಾಯ್ತಿ ಕೆಲವೇ ದಿನದಲ್ಲಿ ತೀರ್ಪು ಕೊಡುತ್ತಿತ್ತು.

2021ರ ಜುಲೈನಲ್ಲಿ ಅವರು ಗಡಿ ಠಾಣೆಗಳನ್ನು ಹಿಡಿದದ್ದನ್ನು ನೋಡಿ. ಇರಾನ್ ಕಡೆಯ ಇಸ್ಲಾಂ ಕಲಾ, ಪಾಕಿಸ್ತಾನ ಕಡೆಯ ಸ್ಪಿನ್ ಬೋಲ್ಡಕ್. ರಾಜಧಾನಿಗೆ ಹೋಗುವ ಮೊದಲೇ ಸುಂಕದ ಕಟ್ಟೆಗಳನ್ನು ಹಿಡಿದರು. ಸರ್ಕಾರಕ್ಕೆ ಸ್ವಂತದ್ದು ಅಂತ ಇದ್ದ ಆದಾಯದಲ್ಲಿ ದೊಡ್ಡ ಪಾಲು ಅದೇ.

ಸರ್ಕಾರದ ಕಡೆ ಏನಿತ್ತು? ಕಾಬೂಲ್ ಬ್ಯಾಂಕ್. ಮಾಸ್ತರರ, ಪೊಲೀಸರ, ಸೈನಿಕರ ಸಂಬಳ ಆ ಬ್ಯಾಂಕಿನಿಂದಲೇ ಹೋಗುತ್ತಿತ್ತು. 2010ರಲ್ಲಿ ನೋಡಿದರೆ ಒಳಗೆ ಸುಮಾರು 90 ಕೋಟಿ ಡಾಲರ್ ಗೋಲ್‌ಮಾಲ್. ಅದರ ಷೇರುದಾರರಲ್ಲಿ ಅಧ್ಯಕ್ಷ ಹಮೀದ್ ಕರ್ಜಾಯಿ ಅವರ ಅಣ್ಣ ಕೂಡ ಇದ್ದರು.

ಸರಸ್ವತಿಪುರಂ

ರಾತ್ರಿಪಾಳಿಯವರೇ, ಹೇಳಿದ್ದು ಸರಿ ಇರಬಹುದು. ಆದರೆ ರಸೀದಿ ಕೊಟ್ಟರು ಅಂತ ಅವರಿಗೆ ಸರ್ಟಿಫಿಕೇಟ್ ಕೊಡೋ ಹಾಗೆ ಓದಿಸಿಕೊಂಡು ಹೋಗುತ್ತಿದೆ ನಿಮ್ಮ ಬರಹ. ಅದಕ್ಕೆ ನನ್ನ ತಕರಾರಿದೆ.

ನಮ್ಮ ಮನೆ ಮೈಸೂರಿನಲ್ಲಿ. ವಿಶ್ವವಿದ್ಯಾನಿಲಯಕ್ಕೆ ಹತ್ತಿರ. ಮೇಲಿನ ಮನೆಯಲ್ಲಿ ಇಬ್ಬರು ಅಫ್ಘನ್ ಹುಡುಗರು ಬಾಡಿಗೆಗೆ ಇದ್ದರು, ಎಂ.ಎ. ಓದುತ್ತಿದ್ದರು. ಅವರಂಥವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದರು ಆಗ. 2021ರ ಆಗಸ್ಟ್ 15, ಭಾನುವಾರ. ಬೆಳಿಗ್ಗೆ ನಮ್ಮ ರಸ್ತೆಯ ಮಕ್ಕಳ ಜೊತೆ ಇವರೂ ಬಾವುಟದ ಹತ್ತಿರ ನಿಂತು ಲಾಡು ತಿಂದರು. ಸಂಜೆ ನಾನು ಮೆಟ್ಟಿಲ ಮೇಲೆ ರಂಗೋಲಿ ಡಬ್ಬ ಇಡಲು ಹೋದರೆ ಇಬ್ಬರೂ ಅಲ್ಲೇ ಕೂತಿದ್ದರು. ಒಂದೇ ಫೋನು, ಇಬ್ಬರ ತಲೆ. ಮಾತಿಲ್ಲ. ದೊಡ್ಡವನು ನನ್ನನ್ನು ನೋಡಿ ಎದ್ದು ನಿಂತ, ದಿನಾ ನಿಲ್ಲುತ್ತಿದ್ದ ಹಾಗೆ. "ಆಂಟಿ, ತಂಗಿ ಕಾಲೇಜಿಗೆ ಹೋಗಲ್ಲ ಇನ್ನು" ಅಂದ. ಅವನ ತಲೆಗೆ ಮೊದಲು ಬಂದದ್ದು ಅದು.

2001ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯೇ ಇರಲಿಲ್ಲ ಅನ್ನಬಹುದು. ಆ 20 ವರ್ಷದಲ್ಲಿ ಲಕ್ಷಾಂತರ ಹುಡುಗಿಯರು ಓದಿದರು. ಡಾಕ್ಟರಾದರು, ವಕೀಲರಾದರು. 2022ರ ಮಾರ್ಚ್ 23ರಂದು ಹೈಸ್ಕೂಲು ತೆರೆಯುತ್ತೇವೆ ಅಂತ ಹೇಳಿ, ಹುಡುಗಿಯರು ಚೀಲ ಹಾಕಿಕೊಂಡು ಬಂದ ಮೇಲೆ ವಾಪಸ್ ಕಳಿಸಿದರು. ಅದೇ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾನಿಲಯದ ಬಾಗಿಲೂ ಹಾಕಿದರು. ಹೊರಗಿನವರು ಮಾಡಿದ್ದೆಲ್ಲ ಗುಜರಿ ವಿಮಾನ ಅಲ್ಲ.

ಕಂದಾಯದವ

ಮೇಡಂ, ಒಪ್ಪಿದೆ. ಆಡಿಟ್ ಮಾಡುವವನ ಕಣ್ಣಿಗೆ ಕೆಂಪು ಶಾಯಿಯೇ ಜಾಸ್ತಿ ಕಾಣುತ್ತದೆ. ಶಾಲೆಯ ಲೆಕ್ಕ ನಾನು ಬಿಟ್ಟದ್ದು ತಪ್ಪೇ.

ಡೌಟ್ ಡಬ್ಬಿ

ನನಗೊಂದು ಡೌಟು. ಜಪಾನ್, ಜರ್ಮನಿಯಲ್ಲಿ ಇದೇ ಅಮೆರಿಕದವರು ಮಾಡಿದ್ದು ಕೆಲಸ ಮಾಡಿತಲ್ಲ? ಆಗ ಬುದ್ಧಿ ಇತ್ತು, ಈಗ ಹೋಯಿತಾ?

ರಾತ್ರಿಪಾಳಿ

ಜಪಾನಿನಲ್ಲಿ ಅವರು ದೇಶ ಕಟ್ಟಲಿಲ್ಲ. ಇದ್ದ ಮನೆಗೆ ಬೇರೆ ಕೀಲಿ ಹಾಕಿಸಿದರು. 1945ರಲ್ಲಿ ಊರುಗಳು ಸುಟ್ಟಿದ್ದವು, ಆದರೆ ತೆರಿಗೆ ಕಚೇರಿ, ಶಾಲೆ, ಅಂಚೆ, ಊರಿನ ದಾಖಲೆ ಪುಸ್ತಕ ಎಲ್ಲ ಇತ್ತು. ಅಮೆರಿಕದ ಸೇನಾಧಿಕಾರಿ ಮ್ಯಾಕ್ ಆರ್ಥರ್ ಚಕ್ರವರ್ತಿಯನ್ನು ಉಳಿಸಿಕೊಂಡರು. ಅಲ್ಲಿನ ಅಧಿಕಾರಿಗಳ ಕೈಯಲ್ಲೇ ಕೆಲಸ ಮಾಡಿಸಿದರು. ಹೊಸ ಸಂವಿಧಾನದ ಕರಡು ಮಾತ್ರ ಅಮೆರಿಕದವರದ್ದೇ, 1947ರ ಮೇ 3ಕ್ಕೆ ಜಾರಿಗೆ ಬಂತು.

ಇರಾಕಿನಲ್ಲಿ ಉಲ್ಟಾ. 2003ರ ಮೇ ತಿಂಗಳಲ್ಲಿ ಅಮೆರಿಕ ಕಳಿಸಿದ ಆಡಳಿತಗಾರ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಮೊದಲನೆಯದರಲ್ಲಿ ಸದ್ದಾಂ ಹುಸೇನನ ಬಾತ್ ಪಕ್ಷದ ಮೇಲಿನ ಹಂತದವರಿಗೆಲ್ಲ ಸರ್ಕಾರಿ ಕೆಲಸ ಇಲ್ಲ. ಎರಡನೆಯದರಲ್ಲಿ ಸೈನ್ಯವೇ ವಿಸರ್ಜನೆ. ಒಂದೇ ವಾರದ ಅಂತರ. ಲಕ್ಷಾಂತರ ಜನ ಸಂಬಳ ಇಲ್ಲದೆ ಮನೆಗೆ ಹೋದರು, ಬಂದೂಕು ಹೇಗೆ ಹಿಡಿಯಬೇಕು ಅಂತ ಗೊತ್ತಿದ್ದವರು. ಮುಂದಿನದ್ದು ನಿಮಗೇ ಗೊತ್ತು.

ಟರ್ಬೈನ್

ನಾನು ಜಲವಿದ್ಯುತ್ ಎಂಜಿನಿಯರ್, ಈಗ ನಿವೃತ್ತ. ಕಜಾಕಿ ಅಣೆಕಟ್ಟಿನ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ.

ಹೆಲ್ಮಂಡ್ ನದಿಗೆ ಅಮೆರಿಕದ ಕಂಪನಿ ಕಟ್ಟಿದ ಅಣೆಕಟ್ಟು ಅದು. 1953ರಲ್ಲಿ ಮುಗಿಯಿತು. ಅಂದರೆ ಅಮೆರಿಕದವರು ಅಲ್ಲಿಗೆ 2001ರಲ್ಲಿ ಮೊದಲ ಸಲ ಬಂದದ್ದಲ್ಲ! ಲಷ್ಕರ್ ಗಾ ಊರಿನಲ್ಲಿ ಅವರ ಎಂಜಿನಿಯರುಗಳು ಮನೆ ಮಾಡಿಕೊಂಡಿದ್ದರು, ಜನ ಅದನ್ನು ಪುಟ್ಟ ಅಮೆರಿಕ ಅಂತ ಕರೆಯುತ್ತಿದ್ದರು. ಕಾಲುವೆ ತೆಗೆದು ನೀರು ಹರಿಸಿದರು. ಬಸಿಗಾಲುವೆ ಸರಿಯಾಗಿ ಆಗಲಿಲ್ಲ. ನೀರು ನಿಂತು ನೆಲ ಜೌಗಾಯಿತು, ಉಪ್ಪು ಮೇಲಕ್ಕೆ ಬಂತು. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಈ ಸವಳಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

1970ರ ದಶಕದಲ್ಲಿ ವಿದ್ಯುತ್ ಮನೆ ಕಟ್ಟಿ ಎರಡು ಟರ್ಬೈನ್ ಕೂರಿಸಿದರು. ನಡುವೆ ಮೂರನೆಯದಕ್ಕೆ ಜಾಗ ಬಿಟ್ಟಿದ್ದರು. ಅದನ್ನು ತುಂಬಿಸುತ್ತೇವೆ ಅಂತ 2008ರಲ್ಲಿ ಹೊರಟರು. ಟರ್ಬೈನ್ ತುಂಡುಗಳನ್ನು ಹೊತ್ತು ನೂರರಷ್ಟು ವಾಹನ, ಕಾಯಲು ಸಾವಿರಾರು ಸೈನಿಕರು, ಮೇಲೆ ಹೆಲಿಕಾಪ್ಟರ್. ಮುಖ್ಯ ರಸ್ತೆ ಬಿಟ್ಟು ಮರುಭೂಮಿಯಲ್ಲಿ ಸುತ್ತುಬಳಸಿ ಹೋದರು. ಬ್ರಿಟಿಷ್ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಸೆಪ್ಟೆಂಬರ್‌ನಲ್ಲಿ ಟರ್ಬೈನ್ ಮುಟ್ಟಿತು.

ಆಮೇಲೆ ಸಿಮೆಂಟು ಬೇಕಿತ್ತು. ನೂರಾರು ಟನ್. ಟರ್ಬೈನ್ ಅಂದರೆ ಮಿಕ್ಸಿ ಅಲ್ಲ, ತಂದು ಕಟ್ಟೆ ಮೇಲೆ ಇಟ್ಟು ಪ್ಲಗ್ ಹಾಕೋಕೆ. ಕೆಳಗೆ ಕಾಂಕ್ರೀಟ್ ತಳಪಾಯ ಗಟ್ಟಿ ಇರಬೇಕು, ಕೂದಲೆಳೆಯಷ್ಟು ಓರೆಯಾದರೂ ಶಾಫ್ಟ್ ನಡುಗುತ್ತದೆ. ಆ ಸಿಮೆಂಟು ತರಲು ರಸ್ತೆ ಸುರಕ್ಷಿತವಾಗಿರಲಿಲ್ಲ. ದಿನಾ ದಿನಾ ಸಾವಿರಾರು ಸೈನಿಕರನ್ನು ರಸ್ತೆಯಲ್ಲಿ ನಿಲ್ಲಿಸೋಕಾಗುತ್ತಾ? ತುಂಡುಗಳು ಅಲ್ಲೇ ಬಿದ್ದಿದ್ದವು. ಕೊನೆಗೆ ಅದನ್ನು ಕೂರಿಸಿದ್ದು 2016ರಲ್ಲಿ. ನನ್ನ ಮಟ್ಟಿಗೆ ಇಡೀ ಅಫ್ಘಾನಿಸ್ತಾನದ ಕಥೆ ಆ ಎಂಟು ವರ್ಷ ಧೂಳು ತಿಂದ ಟರ್ಬೈನಿನಲ್ಲಿದೆ. ದೊಡ್ಡ ಸಾಹಸಕ್ಕೆ ಎಲ್ಲರೂ ರೆಡಿ. ದಿನಾ ಒಂದು ಸಿಮೆಂಟ್ ಲಾರಿ ಓಡಿಸುವ ವ್ಯವಸ್ಥೆ ಯಾರಿಂದಲೂ ಆಗಲಿಲ್ಲ.

ನಮ್ಮ ದೇಶ ಮಾಡಿದ್ದೂ ಹೇಳಬೇಕು. ಹೆರಾತ್ ಹತ್ತಿರದ ಸಲ್ಮಾ ಅಣೆಕಟ್ಟು, 42 ಮೆಗಾವ್ಯಾಟ್. 1970ರ ದಶಕದಲ್ಲಿ ಶುರುವಾಗಿ ಯುದ್ಧಕ್ಕೆ ನಿಂತಿತ್ತು. ಭಾರತ ಮುಗಿಸಿಕೊಟ್ಟಿದ್ದು 2016ರ ಜೂನ್‌ನಲ್ಲಿ. ಉತ್ತರದ ಪುಲ್-ಇ-ಖುಮ್ರಿಯಿಂದ ಹಿಂದೂಕುಷ್ ಹತ್ತಿಸಿ ಕಾಬೂಲಿಗೆ ವಿದ್ಯುತ್ ಲೈನ್ ಎಳೆದವರೂ ನಮ್ಮವರೇ. ಹಿಮದಲ್ಲಿ ಟವರ್ ನಿಲ್ಲಿಸುವುದು ಸುಲಭ ಅಲ್ಲ, ಆ ಕೆಲಸ ಮಾಡಿದವರಿಗೆ ಕೈ ಮುಗಿಯಬೇಕು.

ಬಾಲ್ಕನಿ ಬೆಕ್ಕು

ಹಾಗಾದ್ರೆ ನಮ್ಮವರ ದಾರಿ ಸರಿ ಅಂತಾಯ್ತು! ಸೈನ್ಯ ಇಲ್ಲ, ಬರೀ ಅಣೆಕಟ್ಟು, ರಸ್ತೆ.

ಟರ್ಬೈನ್

ಅಷ್ಟು ಬೇಗ ಬೆನ್ನು ತಟ್ಟಿಕೊಳ್ಳಬೇಡಿ. ಇರಾನ್ ಗಡಿಯ ಜರಂಜ್‌ನಿಂದ ದೆಲಾರಾಮ್‌ಗೆ ನಮ್ಮ ಗಡಿ ರಸ್ತೆ ಸಂಸ್ಥೆ 218 ಕಿ.ಮೀ. ರಸ್ತೆ ಮಾಡಿತು. ಅದಕ್ಕಾಗಿ ನಮ್ಮವರು ಜೀವವನ್ನೂ ಕಳೆದುಕೊಂಡರು. 2021ರ ಆಗಸ್ಟ್ 6ರಂದು ತಾಲಿಬಾನ್ ಕೈಗೆ ಬಿದ್ದ ಮೊದಲ ಪ್ರಾಂತ್ಯ ರಾಜಧಾನಿ ಯಾವುದು ಗೊತ್ತಾ? ಅದೇ ಜರಂಜ್. ಕಾಬೂಲಿನಲ್ಲಿ ನಾವು ಕಟ್ಟಿಕೊಟ್ಟ ಸಂಸತ್ ಭವನ 2015ರ ಡಿಸೆಂಬರ್ 25ರಂದು ಉದ್ಘಾಟನೆಯಾಯಿತು. ಕಟ್ಟಡ ಗಟ್ಟಿಯಾಗಿದೆ. ಸಂಸತ್ತು ಇಲ್ಲ.

ಹಳೇ ಬೂಟು

ನಾನು ಸೈನ್ಯದಲ್ಲಿದ್ದೆ. ಶ್ರೀಲಂಕಾದ ಜಾಫ್ನಾ ನೋಡಿದ್ದೇನೆ. ಹೆಚ್ಚು ಬರೆಯಲ್ಲ.

1987ರ ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದ. ನಾವು ಹೋದಾಗ ತಮಿಳರು ಹಾರ ಹಾಕಿದರು. ಹಣ್ಣು ಕೊಟ್ಟರು. ಅಕ್ಟೋಬರ್‌ನಲ್ಲಿ ಅದೇ ಬೀದಿಗಳಲ್ಲಿ ಎಲ್‌ಟಿಟಿಇ ಜೊತೆ ಕಾದಾಟ. ಸಾವಿರಕ್ಕೂ ಹೆಚ್ಚು ನಮ್ಮ ಹುಡುಗರು ಸತ್ತರು. ಅಲ್ಲಿನ ಸಾಮಾನ್ಯ ಜನರೂ ಸತ್ತರು, ಅದನ್ನೂ ಹೇಳಬೇಕು. ಈಶಾನ್ಯ ಪ್ರಾಂತ್ಯಕ್ಕೆ ಚುನಾವಣೆ ಮಾಡಿಸಿ ವರದರಾಜ ಪೆರುಮಾಳ್ ಅವರನ್ನು ಮುಖ್ಯಮಂತ್ರಿ ಮಾಡಿದರು. 1990ರ ಮಾರ್ಚ್‌ನಲ್ಲಿ ನಾವು ಹಡಗು ಹತ್ತುವ ಹೊತ್ತಿಗೆ ಅವರೂ ಭಾರತಕ್ಕೆ ಬಂದರು. ಆ ಸರ್ಕಾರ ಅಲ್ಲಿಗೆ ಮುಗಿಯಿತು.

ಬೇರೆಯವರನ್ನು ಆಡಿಕೊಳ್ಳುವ ಮೊದಲು ಇದು ನೆನಪಿರಲಿ.

ಕಿತ್ತಳೆ ತೋಟ

ಕಂದಾಯದವರಿಗೆ ಒಂದು ಪ್ರಶ್ನೆ. ಎಲ್ಲದಕ್ಕೂ ದುಡ್ಡೇ ಕಾರಣ ಅಂದರೆ ಸೈಪ್ರಸ್‌ಗೆ ಏನು ಹೇಳುತ್ತೀರಿ?

ನಾನು ಕೊಡಗಿನವಳು. ನಮಗೆ ಸೈಪ್ರಸ್ ಅಂದರೆ ಜನರಲ್ ತಿಮ್ಮಯ್ಯ. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ. 1964ರ ಜುಲೈನಿಂದ ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಅಂಚೆ ಚೀಟಿ ತಂದಿತು.

ಅಲ್ಲಿ ಜಗಳ ಯಾಕೆ ಶುರುವಾಯಿತು ಅಂತ ನೋಡಿ. ಗ್ರೀಕ್ ಮಾತಾಡುವವರು ನೂರಕ್ಕೆ ಸುಮಾರು 80, ತುರ್ಕಿ ಮಾತಾಡುವವರು 18. 1960ರ ಸಂವಿಧಾನದ ಅಡಿಪಾಯ ಹಾಕಿದ್ದು ಸೈಪ್ರಸ್‌ನಲ್ಲಿ ಅಲ್ಲ. 1959ರಲ್ಲಿ ಜೂರಿಚ್, ಲಂಡನ್‌ನಲ್ಲಿ ಬ್ರಿಟನ್, ಗ್ರೀಸ್, ತುರ್ಕಿ ಕೂತು ಗೀಚಿದ್ದು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ತುರ್ಕಿ, ದೊಡ್ಡ ವಿಷಯಗಳಲ್ಲಿ ಇಬ್ಬರಿಗೂ ವೀಟೊ. ಸರ್ಕಾರಿ ನೌಕರಿ 70ಕ್ಕೆ 30, ಸೈನ್ಯ 60ಕ್ಕೆ 40. ಮೂಲ ಕಲಮುಗಳನ್ನು ಎಂದೂ ತಿದ್ದುವಂತಿಲ್ಲ. ಕಾಗದದ ಮೇಲೆ ಎಷ್ಟು ಚೆಂದ! ಅಣ್ಣತಮ್ಮಂದಿರಿಗೆ ಪಾಲು ಮಾಡಿಕೊಟ್ಟು, ಒಲೆ ಯಾರು ಹಚ್ಚಬೇಕು ಅಂತಲೂ ಹೊರಗಿನವರೇ ಬರೆದಿಟ್ಟ ಹಾಗೆ. 1963ರ ನವೆಂಬರ್‌ನಲ್ಲಿ ಅಧ್ಯಕ್ಷ ಮಕಾರಿಯೋಸ್ 13 ತಿದ್ದುಪಡಿ ಕೇಳಿದರು, ಡಿಸೆಂಬರ್‌ನಲ್ಲಿ ರಕ್ತ ಹರಿಯಿತು. 1974ರಲ್ಲಿ ದ್ವೀಪವೇ ಎರಡಾಯಿತು. ತಿಮ್ಮಯ್ಯನವರು ಕಾಯಲು ಹೋದ ಶಾಂತಿಪಡೆ ಇವತ್ತಿಗೂ ಅಲ್ಲೇ ಇದೆ.

ಇಲ್ಲಿ ಅನುದಾನ ಎಲ್ಲಿದೆ ಸರ್?

ಕಂದಾಯದವ

ಅಕ್ಕಾ, ಸರಿಯಾದ ಪೆಟ್ಟು. ನಿಮ್ಮ ಪೋಸ್ಟ್ ಓದಿ ರಾತ್ರಿಯೆಲ್ಲ ಸೈಪ್ರಸ್ ಹುಡುಕುತ್ತಾ ಕೂತೆ. ಒಂದು ಮಜಾ ಸಿಕ್ಕಿತು. 1961ರಲ್ಲಿ ಅಲ್ಲಿ ಮೊದಲು ಕಗ್ಗಂಟಾದದ್ದು ಯಾವುದು ಗೊತ್ತಾ? ತೆರಿಗೆ ಕಾನೂನು! ತೆರಿಗೆ ಮಸೂದೆಗೆ ಎರಡೂ ಕಡೆಯ ಸದಸ್ಯರ ಬೇರೆ ಬೇರೆ ಬಹುಮತ ಬೇಕಿತ್ತು. ತುರ್ಕಿ ಸದಸ್ಯರು ತಡೆದರು, ಸರ್ಕಾರಕ್ಕೆ ವಸೂಲಿ ಮಾಡೋಕೆ ಸರಿಯಾದ ಕಾನೂನೇ ಇಲ್ಲದ ಹಾಗಾಯಿತು. ಇದನ್ನು ನನ್ನ ವಾದಕ್ಕೆ ಎಳೆದುಕೊಳ್ಳಬಹುದು, ಆದರೆ ಅದು ಮೋಸ. ಅಲ್ಲಿನ ಮೂಲ ರೋಗ ನೀವು ಹೇಳಿದ್ದೇ. ಹಾಗಾಗಿ ನನ್ನ ಮಾತನ್ನು ಅರ್ಧ ತಿದ್ದಿಕೊಳ್ಳುತ್ತೇನೆ. ದುಡ್ಡು ಒಂದು ದಾರಿ ಅಷ್ಟೇ. ಸರ್ಕಾರದ ಮುಖ ತನ್ನ ಜನರ ಕಡೆಗಿಲ್ಲದೆ ಹೊರಗಿನವರ ಕಡೆಗಿದ್ದರೆ, ಅದು ಅನುದಾನದಿಂದಲೂ ಆಗಬಹುದು, ಒಪ್ಪಂದದ ಕಾಗದದಿಂದಲೂ ಆಗಬಹುದು.

ಅಫ್ಘಾನಿಸ್ತಾನದಲ್ಲಿ ಕಾಗದದ ಕಥೆಯೂ ಇದೆ. 2001ರ ಡಿಸೆಂಬರ್‌ನಲ್ಲಿ ಜರ್ಮನಿಯ ಬಾನ್‌ನಲ್ಲಿ ಕೂತು ಕರ್ಜಾಯಿ ಅವರನ್ನು ಆರಿಸಿದರು. ಸೋತ ತಾಲಿಬಾನಿಗೆ ಕುರ್ಚಿಯೇ ಇರಲಿಲ್ಲ. 2004ರ ಸಂವಿಧಾನದಲ್ಲಿ ಪ್ರಾಂತ್ಯದ ಗವರ್ನರುಗಳನ್ನೂ ಕಾಬೂಲಿನಿಂದಲೇ ನೇಮಿಸುವ ವ್ಯವಸ್ಥೆ. ಇದನ್ನು ಪೂರ್ತಿ ಅಮೆರಿಕದ ತಲೆಗೆ ಕಟ್ಟಲಾಗದು. ಅದರ ಬಹುಪಾಲು ಜಹೀರ್ ಷಾ ಕಾಲದ 1964ರ ಸಂವಿಧಾನದಿಂದ ಬಂದದ್ದು, ಕಾಬೂಲಿನ ದೊಡ್ಡವರಿಗೂ ಅದೇ ಬೇಕಿತ್ತು. 2014ರ ಚುನಾವಣೆ ಜಗಳಕ್ಕೆ ಬಿದ್ದಾಗ ಪಂಚಾಯ್ತಿ ಮಾಡಲು ವಾಷಿಂಗ್ಟನ್‌ನಿಂದ ವಿದೇಶಾಂಗ ಮಂತ್ರಿ ಜಾನ್ ಕೆರ್ರಿ ಬರಬೇಕಾಯಿತು. 2019ರಲ್ಲಿ ಹೆಸರು ನೋಂದಾಯಿಸಿದ್ದವರು 96 ಲಕ್ಷದಷ್ಟು, ಲೆಕ್ಕಕ್ಕೆ ಬಂದ ಮತ 18 ಲಕ್ಷದಷ್ಟು. ಅಮೆರಿಕದ ಸೈನ್ಯ ವಾಪಸ್ ಹೋಗುವ ಬಗ್ಗೆ ಆದ 2020ರ ಫೆಬ್ರವರಿ 29ರ ದೋಹಾ ಒಪ್ಪಂದಕ್ಕೆ ಸಹಿ ಹಾಕಿದವರು ಅಮೆರಿಕ ಮತ್ತು ತಾಲಿಬಾನ್. ಅಫ್ಘನ್ ಸರ್ಕಾರ ಆ ಕೋಣೆಯಲ್ಲೇ ಇರಲಿಲ್ಲ. ಮನೆ ಯಾರದ್ದು ಅಂತ ಮನೆಯವರಿಗೆ ಅವತ್ತು ಗೊತ್ತಾಗಿರಬೇಕು.

ಡೌಟ್ ಡಬ್ಬಿ

ಹಾಗಾದ್ರೆ ಹೊರಗಿನವರೇ ಇಲ್ಲದೆ ಕಟ್ಟಿಕೊಂಡವರು ಯಾರಾದ್ರೂ ಇದ್ದಾರಾ?

ರಾತ್ರಿಪಾಳಿ

ಸೊಮಾಲಿಲ್ಯಾಂಡ್. 1991ರಲ್ಲಿ ಸೊಮಾಲಿಯಾದಿಂದ ಬೇರೆಯಾದೆವು ಅಂತ ಘೋಷಿಸಿಕೊಂಡ ಉತ್ತರ ಭಾಗ. 1993ರಲ್ಲಿ ಬೊರಾಮ ಅನ್ನೋ ಊರಿನಲ್ಲಿ ಕುಲಗಳ ಹಿರಿಯರು ಸೇರಿದರು. ಒಂದು ದಿನದ ಸಮಾವೇಶ ಅಲ್ಲ, ತಿಂಗಳುಗಟ್ಟಲೆ ಕೂತರು. ಖರ್ಚು ಬಹುಪಾಲು ಅಲ್ಲಿನ ಜನರದ್ದೇ. ಬಂದವರಿಗೆ ಊಟ, ಜಾಗ ಎಲ್ಲ ಊರಿನವರು. ತಿಂಗಳುಗಟ್ಟಲೆ ಊಟ ಹಾಕುವವರು 'ಬೇಗ ಮುಗಿಸ್ರಪ್ಪ' ಅನ್ನದೆ ಇರುತ್ತಾರಾ! ಆ ಹಿರಿಯರ ಸಭೆ 'ಗುರ್ತಿ'ಯನ್ನೇ ಮೇಲ್ಮನೆ ಮಾಡಿಕೊಂಡರು. ಅದೇ ವರ್ಷ ಸೊಮಾಲಿಯಾದ ರಾಜಧಾನಿ ಮೊಗಾದಿಶುವಿನಲ್ಲಿ ವಿಶ್ವಸಂಸ್ಥೆಯ ಸಾವಿರಾರು ಸೈನಿಕರಿದ್ದರು, ನಮ್ಮ ಭಾರತದ ಬ್ರಿಗೇಡ್ ಕೂಡ ಸೊಮಾಲಿಯಾದಲ್ಲಿತ್ತು. ಅಲ್ಲಿ ಸರ್ಕಾರ ನಿಲ್ಲಲಿಲ್ಲ.

ಸ್ವರ್ಗ ಅಂತ ಅಲ್ಲ. ಬಡತನ ಇದೆ, ಚುನಾವಣೆ ಮುಂದೂಡುತ್ತಾರೆ, ಪೂರ್ವ ಭಾಗದಲ್ಲಿ 2023ರಲ್ಲಿ ಕಾದಾಟವೂ ಆಯಿತು.

ಸರಸ್ವತಿಪುರಂ

ಹಿರಿಯರ ಸಭೆ ಅಂದ್ರಲ್ಲ. ಅದರಲ್ಲಿ ಹೆಂಗಸರು ಎಷ್ಟು ಜನ?

ರಾತ್ರಿಪಾಳಿ

ಹಿರಿಯರು ಅಂದ್ರೆ ಗಂಡಸರೇ ಮೇಡಂ. ಅದು ನಿಜ.

ಸರಸ್ವತಿಪುರಂ

ಅದನ್ನೇ ಹೇಳೋಕೆ ಬಂದೆ. 'ಅವರವರ ದೇಶ ಅವರವರೇ ಕಟ್ಟಿಕೊಳ್ಳಲಿ' ಅಂತ ಹೇಳುವಾಗ 'ಅವರು' ಅಂದ್ರೆ ಯಾರು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಮೇಲಿನ ಮನೆಯ ಹುಡುಗ ಈಗ ಬೇರೆ ದೇಶಕ್ಕೆ ಹೋಗಿದ್ದಾನೆ. ತಂಗಿ ಅಲ್ಲೇ ಇದ್ದಾಳೆ. ಹೊಲಿಗೆ ಮಾಡುತ್ತಾಳಂತೆ. ಅವಳನ್ನು ಬಾನ್‌ನಲ್ಲೂ ಕೇಳಲಿಲ್ಲ, ದೋಹಾದಲ್ಲೂ ಕೇಳಲಿಲ್ಲ.

ಕಡಲಕರೆಯವ

ಮೇಡಂ ಹೇಳಿದ ಮೇಲೆ ಮಾತು ಬರುವುದಿಲ್ಲ. ಆ ದಾಳಿಂಬೆಯವನ ನಂಬರ್ ನನ್ನ ಹಳೆಯ ಡೈರಿಯಲ್ಲಿ ಉಂಟು. 2021ರ ಆಗಸ್ಟ್‌ನಲ್ಲಿ ನಾಲ್ಕು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

ಬಾಲ್ಕನಿ ಬೆಕ್ಕು

ಕಂದಾಯದವರೇ, ನನಗೆ ಇನ್ನೊಂದೇ ಪ್ರಶ್ನೆ. ಆ ಅಜ್ಜಿಗೆ ನೀರು ಬಂತಾ?

ಕಂದಾಯದವ

ಬಂತು, ಹದಿಮೂರನೇ ದಿನ. ಬೋರ್‌ವೆಲ್ ಮೋಟರ್ ಸುಟ್ಟಿತ್ತು. ಅನುದಾನಕ್ಕೆ ಅರ್ಜಿ ಹಾಕಿದ್ದರೆ ಮೂರು ತಿಂಗಳು. ಕಂದಾಯ ಬಂದಿತ್ತಲ್ಲ, ಅದರಲ್ಲೇ ಕಾಯಿಲ್ ಕಟ್ಟಿಸಿದೆವು. ನೀರು ಬಿಟ್ಟ ದಿನ ಹೇಳೋಣ ಅಂತ ಅವರ ಮನೆ ಮುಂದೆ ಹೋದೆ. ಕೊಡ ಇಟ್ಟುಕೊಂಡು ನಿಂತಿದ್ದರು. ಬಣ್ಣ ಯಾಕೆ ಕೆಂಪಗಿದೆ ಅಂತ ಬೈದರು.